ಬೈಸೆಕ್ಷುಯಲ್ ಗಂಡಸರು, ಹೆಂಗಸರು: ಜನ ಒಪ್ಪುವುದರಲ್ಲಿ ವ್ಯತ್ಯಾಸ ಎಷ್ಟು, ಅಳೆಯೋದು ಹೇಗೆ?

ಪ್ರಶ್ನೆ
ಬೈಸೆಕ್ಷುಯಲ್ (ಚಿಕ್ಕದಾಗಿ 'ಬೈ', ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಆಕರ್ಷಣೆ ಇರೋ) ಹೆಂಗಸರನ್ನು ಜನ ಸುಲಭವಾಗಿ ಒಪ್ತಾರೆ, ಗಂಡಸರನ್ನು ಒಪ್ಪಲ್ಲ ಅಂತಾರೆ. ಇದಕ್ಕೆ ಆಧಾರ ಇದೆಯಾ? ಸಮಾಜಶಾಸ್ತ್ರದ ಪ್ರಾಜೆಕ್ಟ್‌ಗೆ ಪ್ರಶ್ನಾವಳಿ ಬೇಕಾಗಿದೆ. "ಬೈಸೆಕ್ಷುಯಲ್ ವ್ಯಕ್ತಿಗಳ ಬಗ್ಗೆ ನಿಮ್ಮ ಅಭಿಪ್ರಾಯವೇನು?" ಅಂತ ಒಂದೇ ಪ್ರಶ್ನೆ ಕೇಳಿದರೆ ಸಾಕಾ?

ಉತ್ತರ 1
ಸಾಕಾಗಲ್ಲ. 'ವ್ಯಕ್ತಿ' ಅಂದರೆ ಒಬ್ಬರ ಮನಸ್ಸಿಗೆ ಗಂಡಸು ಬರ್ತಾನೆ, ಇನ್ನೊಬ್ಬರ ಮನಸ್ಸಿಗೆ ಹೆಂಗಸು. ಸರಾಸರಿ ತೆಗೆದಾಗ ನೀವು ಹುಡುಕ್ತಿರೋ ವ್ಯತ್ಯಾಸವೇ ಕಾಣಲ್ಲ. ಒಪ್ತೀರಾ, ಇಲ್ಲವಾ ಅಂತ ಕೇಳೋ ಕೆಲವು ವಾಕ್ಯ ಬರೆದು, ಅವನ್ನೇ ಇಬ್ಬರ ಬಗ್ಗೆಯೂ ಬೇರೆಬೇರೆಯಾಗಿ ಕೇಳಿ. ಅರ್ಧ ಜನರಿಗೆ ಗಂಡಸರ ಭಾಗ ಮೊದಲು ಬರಲಿ, ಉಳಿದವರಿಗೆ ಹೆಂಗಸರದ್ದು. ಇಲ್ಲದಿದ್ದರೆ ಮೊದಲು ಕೊಟ್ಟ ಉತ್ತರಕ್ಕೆ ಹೊಂದೋ ಹಾಗೆ ಎರಡನೆಯದನ್ನೂ ತುಂಬಿಬಿಡ್ತಾರೆ.

ಅಮೆರಿಕದಲ್ಲಿ 2015ರಲ್ಲಿ 3,000ಕ್ಕೂ ಹೆಚ್ಚು ವಯಸ್ಕರಿಗೆ ಬೈ ಗಂಡಸರ ಬಗ್ಗೆ, ಬೈ ಹೆಂಗಸರ ಬಗ್ಗೆ ಐದೈದು ವಾಕ್ಯ ಕೊಟ್ಟಿದ್ದರು. ಗಂಡಸರ ಬಗ್ಗೆಯೇ ಅಸಮಾಧಾನ ಹೆಚ್ಚಿತ್ತು. ಆದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ "ಒಪ್ಪುವುದೂ ಇಲ್ಲ, ನಿರಾಕರಿಸುವುದೂ ಇಲ್ಲ" ಅಂದರು. ಆ ನಡುವಿನ ಆಯ್ಕೆಯನ್ನು ತೆಗೀಬೇಡಿ, ಅದನ್ನು ಒಪ್ಪಿಗೆ ಅಂತ ಲೆಕ್ಕ ಹಾಕಲೂಬೇಡಿ.

ಉತ್ತರ 2
ಉತ್ತರ ಕೊಡೋರು ಗಂಡಸರೋ ಹೆಂಗಸರೋ ಅನ್ನೋದನ್ನೂ ಬರೆಸಿಕೊಳ್ಳಿ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೆಗರಿ ಹೆರೆಕ್ 1999ರ ಸಮೀಕ್ಷೆಯಲ್ಲಿ ಪ್ರತಿ ಗುಂಪಿನ ಬಗ್ಗೆ ಎಷ್ಟು ಒಳ್ಳೆಯ ಭಾವನೆ ಇದೆ ಅಂತ 0ಯಿಂದ 100ರವರೆಗೆ ಅಂಕ ಕೇಳಿದ್ದರು. ಭಿನ್ನಲಿಂಗಾಸಕ್ತ (ಬೇರೆ ಲಿಂಗದವರತ್ತ ಮಾತ್ರ ಆಕರ್ಷಣೆ ಇರೋ) ಗಂಡಸರು ಗೇ ಆಗಲಿ, ಬೈ ಆಗಲಿ, ಗಂಡಸರಿಗೇ ಕಡಿಮೆ ಕೊಟ್ಟರು. ಭಿನ್ನಲಿಂಗಾಸಕ್ತ ಹೆಂಗಸರು ಮಾತ್ರ ಗೇ, ಲೆಸ್ಬಿಯನ್‌ರಿಗಿಂತ ಬೈಗಳಿಗೆ ಕಡಿಮೆ ಕೊಟ್ಟರು, ಗಂಡಾದರೂ ಹೆಣ್ಣಾದರೂ. ಅಂದರೆ ಇಲ್ಲಿರೋದು ಎರಡು ಬೇರೆ ಪೂರ್ವಗ್ರಹ. ಒಟ್ಟಿಗೆ ಸೇರಿಸಿದರೆ ಎರಡೂ ತಿಳಿಯಲ್ಲ.

ಉತ್ತರ 3
'ಸುಲಭವಾಗಿ ಒಪ್ತಾರೆ' ಅನ್ನೋದನ್ನು ನಾನು ಒಪ್ಪಲ್ಲ. ಬೈ ಗಂಡಸಿಗೆ "ನೀನು ಗೇ, ಹೇಳಿಕೊಳ್ಳೋಕೆ ಭಯ" ಅಂತಾರೆ. ಬೈ ಹೆಂಗಸಿಗೆ "ಇದೆಲ್ಲ ನಾಲ್ಕು ದಿನದ ಹುಚ್ಚು, ಕೊನೆಗೆ ಗಂಡಸನ್ನೇ ಕಟ್ಟಿಕೊಳ್ತೀಯ" ಅಂತಾರೆ. ಎರಡರಲ್ಲೂ ಗಂಡಸಿನ ಮೇಲಿನ ಆಕರ್ಷಣೆಯೊಂದೇ ನಿಜ ಅನ್ನೋ ಊಹೆ ಅಡಗಿದೆ. ಅವಳನ್ನು ನೋಡಿ ಕೆಲವು ಗಂಡಸರಿಗೆ ರೋಮಾಂಚನ ಆದರೆ ಅದು ಗೌರವ ಅಲ್ಲ. ಆದ್ದರಿಂದ ಸಹನೆಯನ್ನೂ, 'ಇದು ಸ್ಥಿರವಾದ ಲೈಂಗಿಕತೆ' ಅನ್ನೋ ನಂಬಿಕೆಯನ್ನೂ ಪ್ರತ್ಯೇಕವಾಗಿ ಅಳೆಯಿರಿ. ಬೈಗಳ ಬಗೆಗಿನ ಧೋರಣೆ ಅಳೆಯೋಕೆ ಸಂಶೋಧಕರಾದ ಮೋರ್ ಮತ್ತು ರಾಕ್ಲೆನ್ 1999ರಲ್ಲಿ ಮಾಡಿದ ಮಾಪನ ಇರೋದೇ ಹಾಗೆ.

ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ 2013ರ ಸಮೀಕ್ಷೆಯನ್ನೂ ನೋಡಿ: ತಮಗೆ ಮುಖ್ಯರಾದ ಎಲ್ಲರಿಗೂ ಅಥವಾ ಬಹುತೇಕರಿಗೆ ತಾವು ಬೈ ಅನ್ನೋದು ಗೊತ್ತು ಅಂದವರು ಬೈ ಹೆಂಗಸರಲ್ಲಿ 33%, ಗಂಡಸರಲ್ಲಿ 12%. ಹೆಂಗಸರಲ್ಲೂ ಸುಮಾರು ಮೂರನೇ ಎರಡು ಭಾಗ ಹಾಗೆ ಹೇಳಲಿಲ್ಲ!

ಪ್ರಶ್ನೆ ಕೇಳಿದವರು
ಸಂಬಂಧದ ಬಗ್ಗೆ ಏನು ಕೇಳಬೇಕು?

ಉತ್ತರ 3
ಬೈ ವ್ಯಕ್ತಿಯನ್ನು ಹೀಗೆ ಒಪ್ತೀರಾ ಅಂತ: ಸಹೋದ್ಯೋಗಿ, ಸ್ನೇಹಿತ, ಮನೆಯವರ ಸಂಗಾತಿ, ಕೊನೆಗೆ 'ನಿಮ್ಮದೇ ಸಂಗಾತಿ'. ಇದೇ ಕ್ರಮದಲ್ಲಿ ಕೇಳಿ. ದೂರದಿಂದ ಒಪ್ಪಿದವರು ಎಲ್ಲಿ ಹಿಂದೆ ಸರೀತಾರೆ ಅಂತ ಗೊತ್ತಾಗುತ್ತೆ. ಹೆಸರು, ಫೋನ್ ನಂಬರ್ ತಗೋಬೇಡಿ.