ವಾದ್ಯವಿಲ್ಲದೆ ಹಾಡಿದರೆ ಶ್ರುತಿ ಇಳಿಯುತ್ತೆ: ಕ್ಯಾಥೆಡ್ರಲ್‌ನ 16 ಜನರ ಕಾಯರ್ (ಹಾಡುಗಾರರ ತಂಡ)

ಆಲ್ಟೊ_ಸಾಲು:
ಮೇಲಿನ ದನಿಯಿಂದ ಕೆಳಗಿನ ದನಿಗೆ ನಮ್ಮಲ್ಲಿ ಸೊಪ್ರಾನೊ 6, ಆಲ್ಟೊ 4, ಟೆನರ್ 2, ಬಾಸ್ 4. ವಿಲಿಯಂ ಬರ್ಡ್‌ನ ಲ್ಯಾಟಿನ್ ಕೃತಿ ‘ಆವೆ ವೇರುಮ್ ಕಾರ್ಪುಸ್’ (1605) ಮುಗಿಯುವಷ್ಟರಲ್ಲಿ ಒಂದು ಸೆಮಿಟೋನ್ (ಕೀಬೋರ್ಡಿನಲ್ಲಿ ಒಂದು ಮನೆಯಷ್ಟು) ಇಳಿದಿರುತ್ತೆ. ಅಭ್ಯಾಸದ ಹಾಲ್‌ನಲ್ಲಿ ಕೀಬೋರ್ಡ್ ಜೊತೆ ಹಾಡಿದರೆ ಏನೂ ತೊಂದರೆ ಇಲ್ಲ. ಮೇಲಾಗಿ ಕಲ್ಲುಗೋಡೆಗಳ ನಡುವೆ ಪದಗಳು ಕಲಸಿಹೋಗುತ್ತವೆ. ಎಲ್ಲಿಂದ ಸರಿಮಾಡೋದು?

ಪೆನ್ಸಿಲ್_ಗುರುತು:
ಹಾಲ್‌ನಲ್ಲಿ ಸರಿಯಿಲ್ಲ, ಕೀಬೋರ್ಡ್ ನಿಮ್ಮನ್ನು ಎತ್ತಿ ಹಿಡಿದಿದೆ ಅಷ್ಟೇ. ಮೊದಲು ಫೋನಲ್ಲಿ ರೆಕಾರ್ಡ್ ಮಾಡಿ. ಪ್ರತಿ ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಬಾಸ್ ಸ್ವರವನ್ನು ಟ್ಯೂನರ್‌ಗೆ (ಶ್ರುತಿ ಅಳೆಯುವ ಸಾಧನ) ಹೋಲಿಸಿ, ಸ್ವರಲಿಪಿಯ ಪ್ರತಿಯಲ್ಲೇ ಗುರುತು ಹಾಕಿ. ಶ್ರುತಿ ಉದ್ದಕ್ಕೂ ಜಾರುವುದು ಕಡಿಮೆ. ಮೂರ್ನಾಲ್ಕು ಜಾಗದಲ್ಲಿ ಇಳಿದು ಒಟ್ಟುಗೂಡುತ್ತೆ. ಈ ಕೃತಿಯಲ್ಲಂತೂ ಶುರುವಿನಲ್ಲೇ ಗಂಡಾಂತರ: ಸೊಪ್ರಾನೊ ಎಫ್ ಶಾರ್ಪ್ ಹಾಡಿದ ಬೆನ್ನಿಗೇ ಬಾಸ್‌ಗೆ ಎಫ್ ನ್ಯಾಚುರಲ್ (ಶಾರ್ಪ್ ಇಲ್ಲದ, ಒಂದು ಸೆಮಿಟೋನ್ ತಗ್ಗಿದ ಎಫ್). ಆ ಎರಡು ಭಾಗ ಮಾತ್ರ ತೆಗೆದು ನಿಧಾನಕ್ಕೆ ಹಾಡಿಸಿ.

ಇನ್ನೊಂದು, ಶುದ್ಧ ಮೇಜರ್ ಥರ್ಡ್, ಅಂದರೆ ತಂಬೂರಿಯಲ್ಲಿ ತಾನಾಗಿ ಕೇಳಿಸುವ ಅಂತರ ಗಾಂಧಾರ, ಕೀಬೋರ್ಡಿನದಕ್ಕಿಂತ 14 ಸೆಂಟ್ ಕೆಳಗೆ (100 ಸೆಂಟ್ ಅಂದರೆ ಒಂದು ಸೆಮಿಟೋನ್). ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಕೂಡಿಬರುವುದು ಅದರಿಂದಲೇ, ಆದರೆ ಅದನ್ನೇ ಆಧಾರ ಮಾಡಿಕೊಂಡು ಮುಂದಿನ ಕಾರ್ಡ್ ಕಟ್ಟಿದರೆ ಇಳಿತ ಖಾಯಂ ಆಗುತ್ತೆ. ಥರ್ಡ್ ಹಾಡುವವರು ಬಾಸ್‌ಗೆ ಹೊಂದಿಸಲಿ. ಷಡ್ಜ ಪಂಚಮದವರು ಕದಲಬಾರದು. ಜೊತೆಗೆ, ಇಳಿಯುವಾಗ ಪೂರ್ಣ ಟೋನ್‌ಗಳನ್ನು (ಎರಡು ಸೆಮಿಟೋನ್ ಅಂತರ) ಎಲ್ಲರೂ ಅಗಲ ಮಾಡುತ್ತಾರೆ, ಏರುವಾಗ ಕಿರಿದು ಮಾಡುತ್ತಾರೆ. ಒಂದೇ ಸ್ವರ ಮರುಕಳಿಸಿದರೆ ಪ್ರತಿ ಸಲ ಹೊಸದಾಗಿ ಹಿಡಿಯಿರಿ.

ಅರ್ಧವೃತ್ತ:
ಮೇಲಿನವರ ಮಾತು ಒಪ್ಪಿದೆ, ಆದರೆ ನಿಲ್ಲುವ ಜಾಗವೂ ನೋಡಿ. ಚಾನ್ಸೆಲ್‌ನಲ್ಲಿ (ಬಲಿಪೀಠದ ಬಳಿಯ ಭಾಗ) ಎದುರುಬದುರು, ಡೆಕೇನಿ-ಕ್ಯಾಂಟೊರಿಸ್ ಅಂತ ಎರಡು ಗುಂಪಾಗಿ ನಿಂತರೆ ನಿಮ್ಮ ಪಾಲಿಗೆ ಒಂದೊಂದು ಕಡೆ ಒಬ್ಬೊಬ್ಬರೇ ಟೆನರ್. ಹದಿನಾರು ಜನಕ್ಕೆ ಅದು ಬೇಡ. ಅರ್ಧವೃತ್ತ ಮಾಡಿ, ಇಬ್ಬರು ಟೆನರ್ ಮಧ್ಯೆ ಮುಂದೆ, ಬಾಸ್ ಅವರ ಹಿಂದೆಯೇ, ಸೊಪ್ರಾನೊ ಎಡಕ್ಕೆ, ಆಲ್ಟೊ ಬಲಕ್ಕೆ. ಭುಜ ತಾಗುವಷ್ಟು ಒತ್ತಾಗಿ ನಿಲ್ಲಬೇಡಿ, ಪಕ್ಕದವರ ದನಿಯೇ ಕಿವಿ ತುಂಬುತ್ತೆ. ಒಂದು ಮೊಳ ಬಿಡಿ. ಸೆಮಿಟೋನ್ ಏರಿಸಿ ಶುರುಮಾಡುವುದೂ ಕೆಲವು ಸಲ ಫಲಿಸುತ್ತೆ, ಏಕೆಂದರೆ ದನಿ ಒಡೆಯುವ ಸ್ವರಗಳು ಬೇರೆ ಕಡೆಗೆ ಸರಿಯುತ್ತವೆ. ಆದರೆ ಇಬ್ಬರೇ ಟೆನರ್ ಇರುವಾಗ ಮೊದಲು ಅವರನ್ನೇ ಕೇಳಿ.

ಆರ್ಗನ್_ಮೆಟ್ಟಿಲು:
ಪದದ ವಿಷಯ. ‘ಕಾರ್ಪುಸ್’ನ ಕೊನೆಯ ಸ್ ಅನ್ನು 16 ಜನ ಹೇಳಿದರೆ ಕಲ್ಲಿನ ಕಟ್ಟಡದಲ್ಲಿ ಬುಸ್ಸೆನ್ನುತ್ತೆ. ಇಬ್ಬರಿಗೆ ಮಾತ್ರ ಕೊಡಿ, ಉಳಿದವರು ಸ್ವರಾಕ್ಷರ ಎಳೆದು ಬಿಡಲಿ. ಉಳಿದ ವ್ಯಂಜನಗಳನ್ನು ತಾಳಕ್ಕಿಂತ ಒಂದು ಕೂದಲು ಮೊದಲೇ ಹೇಳಿ, ತಾಳದ ಮೇಲೆ ಬೀಳಬೇಕಾದ್ದು ಸ್ವರಾಕ್ಷರ. ವೇಗವನ್ನು ಹಾಲ್‌ನಲ್ಲಿ ನಿಗದಿ ಮಾಡಬೇಡಿ, ಕ್ಯಾಥೆಡ್ರಲ್‌ನಲ್ಲೇ ಹಾಡಿ ನೋಡಿ.

ಮುಂದಿನ ಹಾಡಿಗೆ ಪೈಪ್ ಆರ್ಗನ್ ಬರುವುದಾದರೆ ಶ್ರುತಿಯನ್ನು ಅದರಿಂದಲೇ ತಗೊಳ್ಳಿ. ಬಿಸಿ ಹೆಚ್ಚಿದಂತೆ ಸೆಲ್ಸಿಯಸ್ ಡಿಗ್ರಿಗೆ ಸುಮಾರು 3 ಸೆಂಟ್‌ನಂತೆ ಪೈಪ್‌ನ ಶ್ರುತಿ ಏರುತ್ತೆ: 20 ಡಿಗ್ರಿಯಲ್ಲಿ ಎ ಸ್ವರವನ್ನು 440 ಹರ್ಟ್ಜ್‌ಗೆ ಕೂಡಿಸಿದ್ದು 30 ಡಿಗ್ರಿಯಲ್ಲಿ 447ರ ಆಸುಪಾಸು. ಕೀಬೋರ್ಡಿನಿಂದ ಶ್ರುತಿ ಹಿಡಿದರೆ ನೀವು ಇಳಿಯದಿದ್ದರೂ ಇಳಿದಂತೆ ಕೇಳಿಸುತ್ತೆ.