ದೀಪ ಆರಿಸಿದ ಚಿತ್ರ

(ನಮ್ಮ ಮನೆಯ ಗುಂಪು, ಈಸ್ಟರ್ ಭಾನುವಾರ)

ಮೈಸೂರು ಚಿಕ್ಕಪ್ಪ: [ಚಿತ್ರ] ಅಮೆರಿಕದ ಜಾನಿ ಹಾರ್ಟ್ ಬರೆದ, ಗುಹೆಯಲ್ಲಿದ್ದ ಆದಿಮಾನವರ ಪತ್ರಿಕಾ ಕಾರ್ಟೂನು ‘ಬಿ.ಸಿ.’, 2001ರ ಏಪ್ರಿಲ್ 15ರ ಈಸ್ಟರ್ ಕಂತು. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತು, ಏಳು ದೀಪ. ಒಂದೊಂದೇ ಆರುತ್ತಾ ಹೋಗುತ್ತದೆ. ಕೊನೆಗೆ ದೀಪದ ಕಂಬವೇ ಶಿಲುಬೆಯಾಗುತ್ತದೆ. ಎಂಥ ಭಕ್ತಿ ನೋಡಿ!

ನ್ಯೂಜೆರ್ಸಿ ಅಕ್ಕ: ಚಿಕ್ಕಪ್ಪ, ನನಗೆ ಇದನ್ನು ನೋಡಿದರೆ ಸಂಕಟ ಆಗುತ್ತದೆ. ಅದು ಯಹೂದಿಗಳ ದೀಪ, ಮೆನೋರಾ. ಅವತ್ತು ಅವರ ಪಾಸೋವರ್ ಹಬ್ಬವೂ ಇತ್ತು. ಬೆಳಿಗ್ಗೆ ಪೇಪರ್ ಬಿಡಿಸಿದರೆ ತಮ್ಮ ದೀಪ ಆರಿ ಇನ್ನೊಬ್ಬರ ಗುರುತಾಗಿದೆ. ನಿಮ್ಮ ಧರ್ಮದ ಕಾಲ ಮುಗಿಯಿತು ಅಂದ ಹಾಗಾಗಲಿಲ್ವಾ?

ಮೈಸೂರು ಚಿಕ್ಕಪ್ಪ: ಹಾಗೆ ಹಾರ್ಟ್ ಹೇಳಲೇ ಇಲ್ಲ ಪುಟ್ಟಿ. ಎರಡೂ ಧರ್ಮಗಳಿಗೆ ಗೌರವ ಕೊಡಲು ಬರೆದದ್ದು ಅಂದರು. ನೋವಾದವರ ಕ್ಷಮೆಯನ್ನೂ ಕೇಳಿದರು. ಇನ್ನೇನು ಮಾಡಬೇಕಿತ್ತು?

ಹಾಸನದ ಅತ್ತೆ: ನಮ್ಮ ಮನೇಲಿ ‘ದೀಪ ಆರಿಸು’ ಅಂತ ಬಾಯಲ್ಲಿ ಕೂಡ ಅನ್ನಲ್ಲ. ‘ಶಾಂತ ಮಾಡು’ ಅಂತೀವಿ. ಅಮ್ಮ ಎಷ್ಟು ಸಲ ನಿನಗೆ ಬೈದಿದ್ದಾಳೆ, ಮರೆತೆಯಾ?

ಮೈಸೂರು ಚಿಕ್ಕಪ್ಪ: ಮರೆತಿಲ್ಲ ಅಕ್ಕ. ಆದರೆ ಅದು ಅವರ ನಂಬಿಕೆ. ತಮ್ಮ ಚಿತ್ರದಲ್ಲಿ ತಮ್ಮ ದೇವರನ್ನು ನೆನೆಯಬಾರದಾ?

ಬೆಂಗಳೂರು ತಮ್ಮ: 2003ರಲ್ಲೂ ‘ಬಿ.ಸಿ.’ಯ ಒಂದು ಕಂತಿಗೆ ಗಲಾಟೆ ಆಗಿತ್ತಲ್ಲ? ಕಕ್ಕಸಿನ ಬಾಗಿಲ ಮೇಲೆ ಅರ್ಧಚಂದ್ರ. ರಂಜಾನ್ ತಿಂಗಳು ಬೇರೆ.

ಮೈಸೂರು ಚಿಕ್ಕಪ್ಪ: ಅಮೆರಿಕದ ಕಾರ್ಟೂನುಗಳಲ್ಲಿ ಹಳೇ ಕಕ್ಕಸಿನ ಬಾಗಿಲಿಗೆ ಅರ್ಧಚಂದ್ರ ಮೊದಲಿಂದಲೂ ಇದೆ. ಅದು ಬರೀ ಕಕ್ಕಸಿನ ಜೋಕು ಅಂತ ಅವರೇ ಹೇಳಿದರು. ನಾನು ನಂಬುತ್ತೇನೆ.

ನ್ಯೂಜೆರ್ಸಿ ಅಕ್ಕ: ಅದನ್ನು ಬಿಡೋಣ. ಈ ದೀಪದ ಮಾತಿಗೆ ಬರ್ತೀನಿ. ‘ಬಿ.ಸಿ.’ ಅಂದರೆ ಕ್ರಿಸ್ತಪೂರ್ವ. 1958ರಲ್ಲಿ ಶುರುವಾದಾಗ ಆ ಗುಹೆಯವರಿಗೆ ಜಾತಿಯೂ ಇರಲಿಲ್ಲ, ಮತವೂ ಇರಲಿಲ್ಲ. ಥಾರ್ ಒಂದೇ ಕಲ್ಲಿನ ಚಕ್ರದ ಮೇಲೆ ನಿಂತು ಹೋಗುತ್ತಿದ್ದ. ಮರದ ಕಾಲಿನ ವೈಲಿ ಕೂತು ಕವನ ಬರೆಯುತ್ತಿದ್ದ. ಇರುವೆಗಳು ಸಂಸಾರದ ಮಾತು ಆಡುತ್ತಿದ್ದವು. ಅದಕ್ಕೇ ಹಾಸನದ ಜಗಲಿಯಲ್ಲಿ ಕೂತ ನನಗೂ ನಗು ಬರುತ್ತಿತ್ತು. ಆ ಗುಹೆ ನನ್ನದೂ ಅನ್ನಿಸುತ್ತಿತ್ತು ಚಿಕ್ಕಪ್ಪ. ದೇವರನ್ನು ನೆನೆಯಲಿ, ಬೇಡ ಅನ್ನಲ್ಲ. ಆದರೆ ಎಲ್ಲರೂ ಕೂತ ಪಂಕ್ತಿಯಿಂದ ಒಬ್ಬರನ್ನು ಎಬ್ಬಿಸಿದ ಹಾಗಾಯಿತು. ನನ್ನ ಪಕ್ಕದ ಮನೆಯ ಯಹೂದಿ ಅಜ್ಜಿ ಪ್ರತಿ ಶುಕ್ರವಾರ ಸಂಜೆ ಎರಡು ಮೇಣದಬತ್ತಿ ಹಚ್ಚುತ್ತಾರೆ. ಈ ಚಿತ್ರವನ್ನು ನಾನು ಅವರ ಕೈಗೆ ಕೊಡಲಾರೆ.

ಬೆಂಗಳೂರು ತಮ್ಮ: ಕೆಲವು ಪತ್ರಿಕೆಗಳು ಆ ಕಂತನ್ನು ಹಾಕಲೇ ಇಲ್ಲ ಅಲ್ವಾ?

ಮೈಸೂರು ಚಿಕ್ಕಪ್ಪ: ಹೌದು, ಅದೇ ತಪ್ಪು. ಹಾಕಬೇಕಿತ್ತು. ಒಪ್ಪದವರು ಪತ್ರ ಬರೆಯಬೇಕಿತ್ತು.

ನ್ಯೂಜೆರ್ಸಿ ಅಕ್ಕ: ಇದನ್ನು ಒಪ್ತೀನಿ. ಮುಚ್ಚಿಟ್ಟರೆ ಮಾತೇ ನಡೆಯಲ್ಲ.

ಮೈಸೂರು ಚಿಕ್ಕಪ್ಪ: ಪುಟ್ಟಿ, ಹಾರ್ಟ್ 2007ರ ಏಪ್ರಿಲ್ 7ರಂದು ಹೋದರು. ಮಾರನೇ ದಿನ ಈಸ್ಟರ್. ಚಿತ್ರ ಬರೆಯುವ ಮೇಜಿನ ಮುಂದೆಯೇ ಜೀವ ಹೋಯಿತು. ಅಂಥವರನ್ನು ದ್ವೇಷಿ ಅಂದರೆ ನನಗೆ ತಡೆಯಲ್ಲ.

ನ್ಯೂಜೆರ್ಸಿ ಅಕ್ಕ: ದ್ವೇಷಿ ಅಂತ ನಾನು ಅನ್ನಲಿಲ್ಲ ಚಿಕ್ಕಪ್ಪ. ನೋವಾಯಿತು ಅಂದೆ, ಅಷ್ಟೇ.

ಹಾಸನದ ಅತ್ತೆ: ಅವಳು ಹೇಳಿದ್ದು ಸರಿ ಕಣೋ.

ಮೈಸೂರು ಚಿಕ್ಕಪ್ಪ: ಆ ಅಜ್ಜಿಯ ಮಾತು ನನಗೆ ಹೊಳೆದಿರಲಿಲ್ಲ. ಚಿತ್ರ ಅಳಿಸಲ್ಲ. ಆದರೆ ಬೇರೆ ಗುಂಪಿಗೆ ಕಳಿಸೋದೂ ಇಲ್ಲ.

ನ್ಯೂಜೆರ್ಸಿ ಅಕ್ಕ: ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಿಂದ ನನಗೆ ತಂದುಕೊಟ್ಟಿದ್ದಿರಲ್ಲ, ‘ಬಿ.ಸಿ.’ಯ ಆ ಚಿಕ್ಕ ಪುಸ್ತಕಗಳು ಇವೆಯಾ? ಡಿಸೆಂಬರಿನಲ್ಲಿ ಬರ್ತೀನಿ.

ಮೈಸೂರು ಚಿಕ್ಕಪ್ಪ: ಎರಡಕ್ಕೆ ಗೆದ್ದಲು ಹಿಡಿದಿದೆ. ಉಳಿದ ಐದನ್ನು ಬಿಸಿಲಿಗೆ ಹಾಕಿ ಇಟ್ಟಿರ್ತೀನಿ.