ಸ್ಟರ್ಜ್-ವೆಬರ್ ಮಗುವಿನ ಗ್ಲಾಕೋಮಾ: ಗೋನಿಯಾಟಮಿಯೋ, ಟ್ರ್ಯಾಬ್-ಟ್ರ್ಯಾಬೋ?

ಪ್ರಶ್ನೆ | ಪಿಜಿ, ಕಣ್ಣಿನ ವಿಭಾಗ, ಬೆಂಗಳೂರು
ನಾಲ್ಕು ತಿಂಗಳ ಮಗು, ಸ್ಟರ್ಜ್-ವೆಬರ್ (ಮುಖ, ಕಣ್ಣು, ಮಿದುಳಿನ ರಕ್ತನಾಳಗಳಿಗೆ ಹುಟ್ಟಿನಿಂದಲೇ ಇರುವ ತೊಂದರೆ, ಫಿಟ್ಸ್ ಕೂಡ ಬರಬಹುದು). ಬಲಗಡೆ ಹಣೆಯಿಂದ ಮೇಲ್ರೆಪ್ಪೆವರೆಗೆ ಪೋರ್ಟ್‌ವೈನ್ ಮಚ್ಚೆ. ಬಲಗಣ್ಣಿನ ಕಾರ್ನಿಯಾ 13 ಮಿ.ಮೀ., ಮಬ್ಬು, ಪ್ರೆಶರ್ (ಕಣ್ಣೊಳಗಿನ ಒತ್ತಡ) 28. ಎಡಗಣ್ಣು ಸರಿಯಿದೆ. ಯಾವ ಆಪರೇಷನ್? ಅಲ್ಲಿಯವರೆಗೆ ಯಾವ ಡ್ರಾಪ್ಸ್?

ಉತ್ತರ 1 | ಗ್ಲಾಕೋಮಾ ಸರ್ಜನ್
ಮಬ್ಬಿನಲ್ಲಿ ಆಂಗಲ್ (ಕಣ್ಣೊಳಗಿನ ನೀರು ಹೊರಹೋಗುವ ಮೂಲೆ) ಕಾಣದು, ಅದನ್ನು ಒಳಗಿನಿಂದ ನೋಡಿಕೊಂಡು ಬಿಡಿಸುವ ಗೋನಿಯಾಟಮಿ ಬಿಡಿ. ಇಲ್ಲಿ ತೊಂದರೆ ಎರಡು: ಆಂಗಲ್ ಸರಿಯಾಗಿ ಬೆಳೆದಿಲ್ಲ, ಎಪಿಸ್ಕ್ಲೀರಲ್ (ಕಣ್ಣಿನ ಬಿಳಿಭಾಗದ ಮೇಲಿನ) ರಕ್ತನಾಳಗಳ ಒತ್ತಡವೂ ಹೆಚ್ಚು. ಆಂಗಲ್ ಬಿಡಿಸಿದರೆ ಮೊದಲನೆಯದಕ್ಕೆ ಮಾತ್ರ ಪರಿಹಾರ. ಅದಕ್ಕೇ ನನ್ನ ಮತ ಟ್ರ್ಯಾಬ್-ಟ್ರ್ಯಾಬ್‌ಗೆ: ಹೊರಗಿನಿಂದ ಆಂಗಲ್ ಬಿಡಿಸುವ ಟ್ರ್ಯಾಬೆಕ್ಯುಲಾಟಮಿ, ಜೊತೆಗೆ ನೀರಿಗೆ ಹೊಸ ಕಿಂಡಿ ತೆಗೆಯುವ ಟ್ರ್ಯಾಬೆಕ್ಯುಲೆಕ್ಟಮಿ.

ಭಯವೆಲ್ಲ ಆಪರೇಷನ್‌ನಲ್ಲಿ ಕಣ್ಣನ್ನು ಕೊಯ್ದು ತೆರೆದ ಗಳಿಗೆಯದು. ಪ್ರೆಶರ್ ದಿಢೀರನೆ ಬಿದ್ದರೆ ಕೊರಾಯ್ಡ್ (ರೆಟಿನಾ ಹಿಂದಿನ ರಕ್ತನಾಳಗಳ ಪದರ) ಹಿಂದೆ ನೀರು ಸೇರುತ್ತದೆ, ಕೆಲವೊಮ್ಮೆ ರಕ್ತವೇ ನುಗ್ಗುತ್ತದೆ. ಮುಂಚೆಯೇ ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡಿ, ಕೊರಾಯ್ಡಲ್ ಹೆಮಾಂಜಿಯೋಮಾ (ರಕ್ತನಾಳಗಳ ಗಡ್ಡೆ) ಇದೆಯೇ ನೋಡಿ. 10-0 ನೈಲಾನ್ ಹೊಲಿಗೆಗಳನ್ನು ಫ್ಲಾಪ್‌ಗೆ (ಕಿಂಡಿ ಮುಚ್ಚುವ ಬಿಳಿಭಾಗದ ಪದರಕ್ಕೆ) ಮೊದಲೇ ಹಾಕಿಟ್ಟುಕೊಳ್ಳಿ. ಪ್ಯಾರಾಸೆಂಟೆಸಿಸ್‌ನಿಂದ (ಕಾರ್ನಿಯಾ ಅಂಚಿನ ಸಣ್ಣ ತೂತಿನಿಂದ) ಸ್ವಲ್ಪಸ್ವಲ್ಪವೇ ನೀರಿಳಿಸಿ, ವಿಸ್ಕೋ (ಜೆಲ್) ತುಂಬಿ. ಕಿಂಡಿ ತೆಗೆದ ಕೂಡಲೇ ಹೊಲಿಗೆ ಬಿಗಿಯಿರಿ. ಹಿಗ್ಗಿದ ಕಣ್ಣಲ್ಲಿ ಲಿಂಬಸ್ (ಕಾರ್ನಿಯಾ, ಬಿಳಿಭಾಗ ಸೇರುವ ಗಡಿ) ಜಾಗ ಬಿಟ್ಟಿರುತ್ತದೆ. ಟ್ರ್ಯಾಬೆಕ್ಯುಲೋಟೋಮ್ (ಆಂಗಲ್ ಬಿಡಿಸುವ ಸಲಾಕೆ) ಶ್ಲೆಮ್ ಕಾಲುವೆ (ನೀರು ಹೊರಹೋಗುವ ನಾಳ) ಬಿಟ್ಟು ಬೇರೆಡೆ ಹೋಗುವುದು ಸುಲಭ. ತಡೆ ಸಿಕ್ಕರೆ ಬಲವಂತವಾಗಿ ತಿರುಗಿಸಬೇಡಿ.

ಉತ್ತರ 2 | ಮತ್ತೊಬ್ಬರು
ಸರ್, ನಾನಾದರೆ ಮೊದಲ ಸಲಕ್ಕೆ ಬರೀ ಟ್ರ್ಯಾಬೆಕ್ಯುಲಾಟಮಿ ಮಾಡಿ ನೋಡುತ್ತೇನೆ. ಪ್ರೆಶರ್ ಅಷ್ಟು ಕುಸಿಯುವುದಿಲ್ಲ, ಬ್ಲೆಬ್ (ಕಿಂಡಿಯ ಮೇಲೆ ಏಳುವ ನೀರಿನ ಗುಳ್ಳೆ) ಸೋರುವ, ಸೋಂಕಾಗುವ ಕಾಟವೂ ಇಲ್ಲ. ಸಾಲದಿದ್ದರೆ ಮುಂದೆ ಆಡಿ (AADI) ಟ್ಯೂಬ್, ಕಣ್ಣೊಳಗಿನ ನೀರು ಹೊರಹರಿಸುವ ಕೊಳವೆ, ಇದೆಯಲ್ಲ. ಅದಕ್ಕೆ ವಾಲ್ವ್ ಇಲ್ಲ, ಅದನ್ನು ಕಟ್ಟುವ 6-0 ವಿಕ್ರಿಲ್ (ಕರಗುವ ದಾರ) ಗಂಟು ಬಿಗಿಯಾಗಿರಲಿ.

ಡ್ರಾಪ್ಸ್: ಬ್ರಿಮೋನಿಡಿನ್ ಖಂಡಿತ ಬೇಡ, ಈ ವಯಸ್ಸಲ್ಲಿ ಮಂಪರು ಹತ್ತಿ ಉಸಿರೇ ನಿಂತೀತು. ಡಾರ್ಜೋಲಮೈಡ್ ಕೊಡಿ. ಟಿಮೋಲಾಲ್ ಬೇಕೇಬೇಕೆಂದರೆ 0.25%, ಎದೆ ಪರೀಕ್ಷಿಸಿ, ಮೂಗಿನ ಕಡೆಯ ಕಣ್ಣಂಚು ಒತ್ತಿಹಿಡಿದು.

ಉತ್ತರ 3 | ಅರಿವಳಿಕೆ ವಿಭಾಗ
ಸೆವೋಫ್ಲುರೇನ್ (ಅರಿವಳಿಕೆ ಅನಿಲ) ಆಳವಾದಂತೆ ಕಣ್ಣಿನ ಪ್ರೆಶರ್ ಇಳಿಯುತ್ತದೆ. ಮಗು ಮಲಗಿದ ಕೂಡಲೇ, ಉಸಿರಿನ ಟ್ಯೂಬ್ ಹಾಕುವ ಮುಂಚೆ ಅಳೆಯಿರಿ. ಇಲ್ಲದಿದ್ದರೆ 28 ಇದ್ದದ್ದು 15 ಎಂದು ತೋರಿ ದಾರಿ ತಪ್ಪಿಸುತ್ತದೆ. ಎದೆಹಾಲು 4 ಗಂಟೆ, ಡಬ್ಬಿ ಹಾಲು 6 ಗಂಟೆ ಮೊದಲೇ ನಿಲ್ಲಿಸಿ. ಫಿಟ್ಸ್ ಔಷಧಿ ನಡೆಯುತ್ತಿದ್ದರೆ ಅದನ್ನು ಮಾತ್ರ ತಪ್ಪಿಸಬೇಡಿ. ಎಚ್ಚರವಾಗುವಾಗ ಕೆಮ್ಮಿ ಮುಕ್ಕರಿಸಿದರೂ ಕಣ್ಣೊಳಗೆ ರಕ್ತ ಬರಬಹುದು. ಮಿದುಳಿನ ಕಾಂಟ್ರಾಸ್ಟ್ ಎಂಆರ್‌ಐ ಆಗಿದೆಯೇ? ಇಲ್ಲದಿದ್ದರೆ ನಿಮ್ಹಾನ್ಸ್‌ಗೆ ಬರೆದುಕೊಡಿ. ಎಂಆರ್‌ಐ, ಆಪರೇಷನ್ ಎರಡೂ ಒಂದೇ ಅರಿವಳಿಕೆಯಲ್ಲಿ ಮುಗಿದರೆ ಚೆನ್ನ, ಆದರೆ ಎರಡು ಆಸ್ಪತ್ರೆಗಳ ಡೇಟ್ ಹೊಂದಿಸುವುದು ಈ ಊರಲ್ಲಿ ದೊಡ್ಡ ಸಾಹಸ.



ಉತ್ತರ 4 | ಆಪ್ಟೋಮೆಟ್ರಿ
ಆಪರೇಷನ್ ಆದ ಒಂದು ತಿಂಗಳೊಳಗೆ ಇಯುಎ (ಅರಿವಳಿಕೆ ಕೊಟ್ಟು ಕಣ್ಣಿನ ಪರೀಕ್ಷೆ). ಪ್ರೆಶರ್ ಜೊತೆ ಆಕ್ಸಿಯಲ್ ಲೆಂತ್ (ಕಣ್ಣಿನ ಉದ್ದ), ರಿಫ್ರ್ಯಾಕ್ಷನ್ (ಕನ್ನಡಕದ ಪವರ್) ಎರಡನ್ನೂ ಬರೆದಿಡಿ. ಕನ್ನಡಕ ಕೊಟ್ಟು ಎಡಗಣ್ಣಿಗೆ ಪ್ಯಾಚ್ ಶುರುಮಾಡದಿದ್ದರೆ ಬಲಗಣ್ಣು ಸೋಮಾರಿಯಾಗಿ ಮಂಕಾಗಿಯೇ ಉಳಿಯುತ್ತದೆ.